ಕೊಂಡವರ ಪೆಟ್ಟಿಗೆ, ಮಾರಿದವರ ಬೀಗ

ಹಾರಂಗಿ ಜಲಾಶಯ ತುಂಬಿತೆಂದರೆ ಅದರ ಕೆಳಗಿನ ಊರುಗಳ ಜನ ಎರಡು ಬಗೆಯ ಲೆಕ್ಕ ಹಾಕುತ್ತಾರೆ. ಗದ್ದೆಗೆ ನೀರು ಸಿಕ್ಕಿತು ಎಂಬುದು ಒಂದು; ಇನ್ನು ಮೇಲೆ ಬರುವ ನೀರೆಲ್ಲ ಹೊಳೆಗೇ ಎಂಬುದು ಇನ್ನೊಂದು. ಹುದುಗೂರಿನ ಬಳಿ ಕಟ್ಟಿದ ಈ ಅಣೆಕಟ್ಟೆಯ ಹಿಂದೆ ನಿಲ್ಲುವುದು ಎಂಟೂವರೆ ಟಿಎಂಸಿ ನೀರು. ಅಲ್ಲಿಂದ ಇಳಿದ ಹೊಳೆ ಕೂಡಿಗೆಯಲ್ಲಿ ಕಾವೇರಿಯನ್ನು ಸೇರುತ್ತದೆ. 2018ರ ಆಗಸ್ಟ್‌ನಲ್ಲಿ ಮತ್ತು ಮರುವರ್ಷದ ಆಗಸ್ಟ್‌ನಲ್ಲಿ ಹೊಳೆಗಳು ಉಕ್ಕಿ ಕುಶಾಲನಗರದ ಸಾಯಿ ಬಡಾವಣೆ, ಕುವೆಂಪು ಬಡಾವಣೆಗಳ ಮನೆಗಳಿಗೆ ನೀರು ನುಗ್ಗಿದ್ದು ಕೊಡಗಿನವರಿಗೆ ಮರೆಯುವ ಸಂಗತಿಯಲ್ಲ.

ನೆರೆ ಇಳಿದ ಮೇಲೆ ಮನೆಮಂದಿ ಅಂಗಳಕ್ಕೆ ತಂದು ಹರಡುವ ಸಾಮಾನುಗಳಲ್ಲಿ ಹಾಸಿಗೆ, ಅಕ್ಕಿಚೀಲ, ಮಕ್ಕಳ ಅಂಕಪಟ್ಟಿಗಳ ಜೊತೆಗೆ ಈಗ ಗಣಕಯಂತ್ರವೂ ಒಂದು. ಕೆಸರು ಮೆತ್ತಿದ ಆ ಪೆಟ್ಟಿಗೆಯನ್ನು ರಿಪೇರಿಗೆ ಒಯ್ದವರಿಗೆ ಎಲ್ಲಿಯೇ ಆಗಲಿ ಮೊದಲು ಎದುರಾಗುವ ಪ್ರಶ್ನೆ ಒಂದೇ: ಹಾರ್ಡ್ ಡಿಸ್ಕಿನಲ್ಲಿ ಬೇಕಾದ್ದೇನಾದರೂ ಇತ್ತೆ? ಪರದೆ, ಕೀಲಿಮಣೆ, ಮದರ್‌ಬೋರ್ಡ್ ಯಾವುದು ಹೋದರೂ ದುಡ್ಡು ಕೊಟ್ಟು ಬೇರೆ ತರಬಹುದು. ತೋಟದ ಹತ್ತು ವರ್ಷದ ಆಳುಲೆಕ್ಕ, ಮದುವೆಯ ಚಿತ್ರಗಳು, ಅಜ್ಜನ ದನಿಯ ಧ್ವನಿಮುದ್ರಣ ಇವು ಅಂಗಡಿಯಲ್ಲಿ ಸಿಗುವುದಿಲ್ಲ.

ಹಾರ್ಡ್ ಡಿಸ್ಕ್ ಎಂಬುದು ಗಣಕದ ಒಳಗಿದ್ದರೂ ತನ್ನಷ್ಟಕ್ಕೆ ತಾನೇ ಒಂದು ಯಂತ್ರ. ಕನ್ನಡಿಯಂತೆ ಹೊಳೆಯುವ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ಅವುಗಳ ಮೇಲೆ, ಕೂದಲೆಳೆಗಿಂತ ಎಷ್ಟೋ ಪಟ್ಟು ಕಿರಿದಾದ ಎತ್ತರದಲ್ಲಿ, ಓದುವ ಬರೆಯುವ ಮೊನೆ ತೇಲುತ್ತದೆ. ಸಾಮಾನ್ಯ ಡಿಸ್ಕಿನ ಮೈಮೇಲೆ ಗಾಳಿಯ ಒತ್ತಡ ಸರಿದೂಗಿಸಲು ಒಂದು ಸಣ್ಣ ರಂಧ್ರವೂ ಇರುತ್ತದೆ; ನೆರೆಯ ನೀರು ಒಳಗೆ ಹೋಗುವುದು ಅಲ್ಲಿಂದಲೇ. ನೆನೆದ ಡಿಸ್ಕನ್ನು ಬಿಸಿಲಿಗಿಟ್ಟು, ಒಣಗಿತೆಂದು ವಿದ್ಯುತ್ ಕೊಟ್ಟರೆ ಉಳಿದದ್ದೂ ಹಾಳು. ಹಾಗೆ ಮಾಡದೆ ಬಲ್ಲವರ ಕೈಗೆ ಕೊಟ್ಟರೆ ಬರಹ ಮರಳಿ ಸಿಗುವುದುಂಟು. ಆದರೆ ಅದಕ್ಕೆ ಒಂದು ಷರತ್ತಿದೆ. ಡಿಸ್ಕು ಗಣಕದಿಂದ ಹೊರಗೆ ಬರಬೇಕು, ಮತ್ತು ಇನ್ನೊಂದು ಗಣಕ ಅದನ್ನು ಒಪ್ಪಬೇಕು.

ಈ ಷರತ್ತು ಸರಳವೆಂದು ತೋರುತ್ತದೆ. ಆದರೆ ಸ್ವಂತ ದುಡ್ಡು ಕೊಟ್ಟು ತಂದ ಗಣಕದ ಡಿಸ್ಕನ್ನು ತೆಗೆದು ಬೇರೆಯದನ್ನು ಹಾಕುವ ಸ್ವಾತಂತ್ರ್ಯ ಕೊಂಡವನಿಗೆ ಇದೆಯೇ ಎಂಬ ಪ್ರಶ್ನೆಯ ಮೇಲೆ ತಯಾರಕರಿಗೂ ಬಳಸುವವರಿಗೂ ದಶಕಗಳ ಜಗಳ ನಡೆದಿದೆ. ಅದರ ಬೇರು ಹಾರ್ಡ್ ಡಿಸ್ಕಿಗಿಂತಲೂ ಹಳೆಯದು.

ಗಣಕದಲ್ಲಿರುವ ಫೈಲಿಗೆ ಕನ್ನಡದಲ್ಲಿ ‘ಕಡತ’ ಎನ್ನುವ ರೂಢಿ ಬಂದಿದೆಯಷ್ಟೆ. ಮೂಲದ ಕಡತ ಎಂದರೆ ಹುಣಸೆಬೀಜದ ಸರಿಗೆ ಇದ್ದಿಲು ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕ. ಬಳಪದಲ್ಲಿ ಬರೆದು, ಬೇಡವಾದರೆ ಒರೆಸಿ ಮತ್ತೆ ಬರೆಯಬಹುದಿತ್ತು. ಆ ಲೆಕ್ಕದಲ್ಲಿ ನಮ್ಮ ಶಾನುಭೋಗರ ಕೈಯಲ್ಲಿದ್ದದ್ದು ಹಾರ್ಡ್ ಡಿಸ್ಕಿನ ಹಿರಿಯಣ್ಣನೇ ಸರಿ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ವಂಶಪಾರಂಪರ್ಯದ ಶಾನುಭೋಗನ ಮನೆಯಲ್ಲಿಯೇ ಊರಿನ ಲೆಕ್ಕವೆಲ್ಲ ಇರುತ್ತಿತ್ತು. ಹೊಲ ರೈತನದು, ಹೊಲದ ದಾಖಲೆ ಇನ್ನೊಬ್ಬರ ಮನೆಯ ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆ ತೆರೆಯಬೇಕಾದರೆ ರೈತ ಎಷ್ಟು ಸಲ ಅಲೆಯಬೇಕಿತ್ತು ಎಂಬುದನ್ನು ಹಿರಿಯರನ್ನು ಕೇಳಿದರೆ ಹೇಳುತ್ತಾರೆ. ವಂಶಪಾರಂಪರ್ಯದ ಆ ಹುದ್ದೆಗಳನ್ನು ರದ್ದುಮಾಡುವ ಕಾಯಿದೆ ಬಂದದ್ದು 1961ರಲ್ಲಿ. ಮುಂದೆ 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ರಾಜ್ಯದ ತಾಲ್ಲೂಕು ಕಚೇರಿಗಳಿಗೆಲ್ಲ ಗಣಕ ತಂದು ಪಹಣಿಯನ್ನು ಡಿಸ್ಕಿಗೆ ಏರಿಸಿತು. ಬರಹ ಒಬ್ಬರದು, ಬರಹದ ಪೆಟ್ಟಿಗೆಯ ಮೇಲೆ ಹಿಡಿತ ಇನ್ನೊಬ್ಬರದು ಎಂಬ ಸ್ಥಿತಿ ನಮಗೆ ಹೊಸತಲ್ಲ ಎನ್ನಲು ಇಷ್ಟು ಹೇಳಬೇಕಾಯಿತು.

ಅಮೆರಿಕದಲ್ಲಿ ಈ ಜಗಳ ಮೊದಲು ನ್ಯಾಯಾಲಯದ ಮೆಟ್ಟಿಲೇರಿದ್ದು ರಟ್ಟಿನ ಕಾರ್ಡುಗಳ ಕಾಲದಲ್ಲಿ. ಐಬಿಎಂ ಕಂಪನಿ ತನ್ನ ಲೆಕ್ಕದ ಯಂತ್ರಗಳನ್ನು ಮಾರುತ್ತಿರಲಿಲ್ಲ, ಬಾಡಿಗೆಗೆ ಕೊಡುತ್ತಿತ್ತು. ಆ ಯಂತ್ರಗಳಿಗೆ ಉಣಿಸುವ ತೂತಿನ ಕಾರ್ಡುಗಳನ್ನೂ ತನ್ನಿಂದಲೇ ಕೊಳ್ಳಬೇಕೆಂಬ ಕರಾರು ಹಾಕುತ್ತಿತ್ತು. ಪರರ ಕಾರ್ಡು ಹಾಕಿದರೆ ಲೆಕ್ಕ ತಪ್ಪುತ್ತದೆ, ತಪ್ಪಿದಾಗ ಹೆಸರು ಕೆಡುವುದು ನಮ್ಮದು ಎಂಬುದು ಅದರ ವಾದ. 1936ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ಕಾರ್ಡು ಹೇಗಿರಬೇಕೆಂದು ಅಳತೆ ಗುಣಮಟ್ಟಗಳನ್ನು ನಿಗದಿಮಾಡಿ, ಅಂಥವನ್ನೇ ಬಳಸಿ ಎಂದು ಹೇಳಬಹುದು. ನನ್ನಿಂದಲೇ ಕೊಳ್ಳಿ ಎನ್ನಲಾಗದು ಎಂದಿತು. ಅಮೆರಿಕ ಸರ್ಕಾರಕ್ಕೆ ಮಾತ್ರ ಶೇ 15ರಷ್ಟು ಹೆಚ್ಚು ಬಾಡಿಗೆ ತೆತ್ತು ಸ್ವಂತ ಕಾರ್ಡು ಬಳಸಲು ಕಂಪನಿ ಒಪ್ಪಿತ್ತು. ಸರ್ಕಾರದ ಕಾರ್ಡಿನಿಂದ ಕೆಡದ ಯಂತ್ರ ಪರರ ಕಾರ್ಡಿನಿಂದ ಏಕೆ ಕೆಟ್ಟೀತು? ತೊಂಬತ್ತು ವರ್ಷಗಳ ಹಿಂದಿನ ಈ ಮೊಕದ್ದಮೆಯನ್ನು ನೆನಪಿಡಬೇಕು. ಆಮೇಲೆ ಬಂದ ವಾದಗಳಲ್ಲಿ ಹೊಸದೆಂಬುದು ಬಹಳ ಕಡಿಮೆ.

1956 ಎರಡು ಕಾರಣಗಳಿಗೆ ಮುಖ್ಯ ವರ್ಷ. ಜನವರಿಯಲ್ಲಿ ಐಬಿಎಂ ಅಮೆರಿಕ ಸರ್ಕಾರದೊಡನೆ ರಾಜಿ ಮಾಡಿಕೊಂಡು, ಯಂತ್ರಗಳನ್ನು ಬಾಡಿಗೆಗಷ್ಟೇ ಅಲ್ಲದೆ ಕ್ರಯಕ್ಕೂ ಕೊಡುವುದಾಗಿಯೂ, ಹೊರಗಿನ ರಿಪೇರಿಗಾರರಿಗೆ ಬಿಡಿಭಾಗ ಮತ್ತು ಮಾಹಿತಿ ಒದಗಿಸುವುದಾಗಿಯೂ ಒಪ್ಪಿತು. ಅದೇ ಸೆಪ್ಟೆಂಬರಿನಲ್ಲಿ ಅದೇ ಕಂಪನಿ ಲೋಕದ ಮೊದಲ ಹಾರ್ಡ್ ಡಿಸ್ಕನ್ನು ಹೊರತಂದಿತು. ‘ರಾಮಾಕ್’ ಎಂಬ ಗಣಕದ ಭಾಗವಾಗಿದ್ದ ಅದರಲ್ಲಿ ಎರಡಡಿ ಅಗಲದ 50 ತಟ್ಟೆಗಳು. ತೂಕ ಒಂದು ಟನ್ನಿಗೂ ಮೇಲೆ. ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಇಡೀ ಗಣಕದ ಬಾಡಿಗೆ ತಿಂಗಳಿಗೆ 3,200 ಡಾಲರ್. ಇಂದು ಮೊಬೈಲಿನಲ್ಲಿ ತೆಗೆದ ಎರಡು ಚಿತ್ರಗಳಿಗೆ ಸಾಲದಷ್ಟು ಜಾಗ ಅದು.

ಕಾನೂನಿನ ಬೀಗ ಸಡಿಲವಾದಾಗ ಬೀಗ ಯಂತ್ರದ ಒಳಕ್ಕೆ ಸರಿಯಿತು. 1960ರ ದಶಕದ ಕೊನೆಗೆ ಮೆಮೊರೆಕ್ಸ್, ಟೆಲೆಕ್ಸ್ ಮುಂತಾದ ಕಂಪನಿಗಳು ಐಬಿಎಂ ಗಣಕಕ್ಕೆ ನೇರವಾಗಿ ಜೋಡಿಸಬಹುದಾದ ಡಿಸ್ಕುಗಳನ್ನು ಕಡಿಮೆ ಬೆಲೆಗೆ ಮಾರತೊಡಗಿದವು. ಒಂದು ತಂತಿ ಕಿತ್ತು ಇನ್ನೊಂದು ಚುಚ್ಚಿದರೆ ಮುಗಿಯಿತು. ಇದಕ್ಕೆ ಐಬಿಎಂ ಕೊಟ್ಟ ಉತ್ತರ ಜಾಣತನದ್ದು: ಹೊಸ ಗಣಕಗಳಲ್ಲಿ ಡಿಸ್ಕನ್ನು ನಡೆಸುವ ನಿಯಂತ್ರಕವನ್ನು ಗಣಕದ ಹೊಟ್ಟೆಯೊಳಗೇ ಸೇರಿಸಿತು. ಪರರು ತಂತಿ ಚುಚ್ಚುತ್ತಿದ್ದ ಜಾಗವೇ ಮಾಯವಾಯಿತು. ಟೆಲೆಕ್ಸ್ ದಾವೆ ಹೂಡಿ 1973ರಲ್ಲಿ ಗೆದ್ದಿತು. 1975ರಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ತಿರುಗಿಸಿತು. ಟೆಲೆಕ್ಸ್‌ನವರು ಐಬಿಎಂನ ಗುಟ್ಟುಗಳನ್ನು ಕದ್ದದ್ದೂ ವಿಚಾರಣೆಯಲ್ಲಿ ಹೊರಬಿತ್ತು. ಹೀಗಾಗಿ ಈ ಕತೆಯಲ್ಲಿ ಒಂದು ಪಕ್ಷದವರೆಲ್ಲ ಸಾಧುಗಳು ಎಂದುಕೊಳ್ಳಬೇಕಾಗಿಲ್ಲ.

ಭಾರತಕ್ಕೆ ಇದೇ ಕಂಪನಿ ಬಂದದ್ದು 1950ರ ದಶಕದ ಆರಂಭದಲ್ಲಿ. ಬೇರೆ ದೇಶಗಳಲ್ಲಿ ಬಳಸಿ ಬಿಟ್ಟ 1401 ಮಾದರಿಯ ಗಣಕಗಳನ್ನು ಮುಂಬೈಗೆ ತಂದು, ನವೀಕರಿಸಿ ಬಾಡಿಗೆಗೆ ಕೊಡುವುದು ಇಲ್ಲಿ ಅದರ ಮುಖ್ಯ ವ್ಯಾಪಾರವಾಗಿತ್ತು. ಗಣಕ ಇದ್ದದ್ದು ಬಾಡಿಗೆದಾರರ ಕಟ್ಟಡದಲ್ಲಿ, ಅದನ್ನು ಬಿಚ್ಚುವ ಹಕ್ಕು ಕಂಪನಿಯ ಎಂಜಿನಿಯರುಗಳಿಗೆ. ಬೆಂಗಳೂರಿನಲ್ಲಿ ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರ ದಶಕದಲ್ಲಿ ಐಬಿಎಂ 360/44 ಗಣಕವಿತ್ತು. ಕರ್ನಾಟಕದ ಎಷ್ಟೋ ಮಂದಿ ವಿಜ್ಞಾನಿಗಳು ಗಣಕದ ಅಆಇಈ ಕಲಿತದ್ದು ಅದರ ಮುಂದೆ.

1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆಯಂತೆ ಭಾರತೀಯರಿಗೆ ಷೇರು ಬಿಟ್ಟುಕೊಡಬೇಕೆಂದು ಸರ್ಕಾರ ಕೇಳಿತು. ಐಬಿಎಂ ಒಪ್ಪಲಿಲ್ಲ. ಜನತಾ ಸರ್ಕಾರದಲ್ಲಿ ಜಾರ್ಜ್ ಫರ್ನಾಂಡಿಸ್ ಕೈಗಾರಿಕಾ ಮಂತ್ರಿಯಾಗಿದ್ದ ಕಾಲ ಅದು. 1978ರಲ್ಲಿ ಕಂಪನಿ ದೇಶ ಬಿಟ್ಟಿತು. ಮಂಗಳೂರಿನಲ್ಲಿ ಹುಟ್ಟಿದ ಈ ಮಂತ್ರಿ ಕೋಕಾಕೋಲಾ ಕಂಪನಿಯನ್ನು ಓಡಿಸಿದ ಕತೆಯನ್ನು ಎಲ್ಲರೂ ಹೇಳುತ್ತಾರೆ. ಗಣಕದ ಕತೆಯಲ್ಲಿ ಹೆಚ್ಚು ಕುತೂಹಲದ್ದು ಆಮೇಲೆ ನಡೆದದ್ದು. ಬಿಟ್ಟುಹೋದ ನೂರಾರು ಯಂತ್ರಗಳನ್ನು ಯಾರು ನೋಡಿಕೊಳ್ಳಬೇಕು? ಈ ಕೆಲಸವನ್ನು ವಹಿಸಿಕೊಂಡದ್ದು ಸರ್ಕಾರ ಆ ದಶಕದ ಮಧ್ಯದಲ್ಲಿ ಸ್ಥಾಪಿಸಿದ್ದ ಸಿಎಂಸಿ, ಅಂದರೆ ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಷನ್. ಸಂಸ್ಥೆಯ ಹೆಸರಿನಲ್ಲಿಯೇ ರಿಪೇರಿ ಇತ್ತು. ಒಂದು ಕಂಪನಿಯ ಯಂತ್ರವನ್ನು ಆ ಕಂಪನಿಯವರೇ ಬಿಚ್ಚಬೇಕು ಎಂಬ ಮಾತು ಶಾಸ್ತ್ರವಲ್ಲ, ಬರಿಯ ರೂಢಿ ಎಂಬುದು ಈ ದೇಶದ ಎಂಜಿನಿಯರುಗಳಿಗೆ ಕೈಯಾರೆ ಮನವರಿಕೆಯಾದದ್ದು ಆಗ.

ಅಷ್ಟರಲ್ಲಿ ಗಣಕ ಮೇಜಿನ ಮೇಲೆ ಕೂರುವಷ್ಟು ಚಿಕ್ಕದಾಯಿತು. ಹಿಂದೆ ಐಬಿಎಂನಲ್ಲಿಯೇ ದುಡಿದಿದ್ದ ಆಲನ್ ಶುಗಾರ್ಟ್ ಮುಂತಾದವರು ಕಟ್ಟಿದ ಸೀಗೇಟ್ ಕಂಪನಿ 1980ರಲ್ಲಿ ಐದೂಕಾಲು ಅಂಗುಲದ, 5 ಮೆಗಾಬೈಟಿನ ಡಿಸ್ಕನ್ನು ತಂದಿತು. ಅದರ ಜೋಡಣೆಯ ರೀತಿಯನ್ನೇ ಬೇರೆ ತಯಾರಕರೂ ಅನುಸರಿಸಿದರು. 1983ರ ಐಬಿಎಂ ಪಿಸಿ ಎಕ್ಸ್‌ಟಿ ಗಣಕದಲ್ಲಿ 10 ಮೆಗಾಬೈಟಿನ ಡಿಸ್ಕಿತ್ತು. ಅದನ್ನು ತೆಗೆದು ಬೇರೆಯವರ 20 ಮೆಗಾಬೈಟಿನದನ್ನು ಹಾಕಿದರೆ ಗಣಕ ಚಕಾರವೆತ್ತುತ್ತಿರಲಿಲ್ಲ. ಮುಂದೆ ಐಡಿಇ, ಅದರ ಮುಂದೆ 2003ರ ಸುಮಾರಿಗೆ ಸಾಟಾ ಎಂದು ಜೋಡಣೆಯ ರೀತಿಗಳು ಬದಲಾದರೂ ಎಲ್ಲರಿಗೂ ಒಂದೇ ಅಳತೆ ಎಂಬ ಪದ್ಧತಿ ಉಳಿಯಿತು. ಬಲ್ಬು ಯಾವ ಕಂಪನಿಯದಾದರೂ ಹೋಲ್ಡರಿಗೆ ಕೂರುವ ಹಾಗೆ.

ಕರ್ನಾಟಕದ ಗಣಕ ಉದ್ಯಮ ಬೆಳೆದದ್ದು ಈ ಪದ್ಧತಿಯ ಆಸರೆಯಲ್ಲಿ. ಅಡುಗೆ ಎಣ್ಣೆ ಮಾರುತ್ತಿದ್ದ ವಿಪ್ರೊ 1980ರ ದಶಕದ ಮೊದಲಲ್ಲಿ ಬೆಂಗಳೂರಿನಲ್ಲಿ ಗಣಕ ರೂಪಿಸಿ ಮೈಸೂರಿನ ಕಾರ್ಖಾನೆಯಲ್ಲಿ ತಯಾರಿಸಿತು. ಡಿಸ್ಕು ಮಾತ್ರ ಹೊರದೇಶದಿಂದಲೇ ಬರಬೇಕಿತ್ತು. 1984ರ ಗಣಕ ನೀತಿ ಆಮದಿನ ಬಿಗಿಯನ್ನು ಸಡಿಲಿಸಿತು. 1990ರ ದಶಕದಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳ ಮುಂದೆ ಡಿಸ್ಕು, ರ‍್ಯಾಮು, ಕ್ಯಾಬಿನೆಟ್ಟುಗಳು ತರಕಾರಿಯಂತೆ ರಾಶಿ ಬಿದ್ದವು. ಬೇಕಾದ ಭಾಗಗಳನ್ನು ಆರಿಸಿ ಕೂಡಿಸಿದ ‘ಅಸೆಂಬಲ್ಡ್’ ಗಣಕ ಮಧ್ಯಮವರ್ಗದ ಮನೆಗಳಿಗೂ, ಸಣ್ಣ ಊರುಗಳ ಟೈಪಿಂಗ್ ಶಾಲೆಗಳಿಗೂ, ಡಿಟಿಪಿ ಅಂಗಡಿಗಳಿಗೂ ಬಂದದ್ದು ಹೀಗೆ. ಸ್ಕ್ರೂಡ್ರೈವರ್ ಹಿಡಿಯಬಲ್ಲ ಒಬ್ಬ ಹುಡುಗ ಊರಿನಲ್ಲಿದ್ದರೆ ಸಾಕಿತ್ತು. ಸಣ್ಣ ಊರಿಗೆ ಇದು ಸಣ್ಣ ಅನುಕೂಲವಲ್ಲ.

ಬ್ರಾಂಡ್ ಗಣಕ ಕೊಂಡವರಿಗೆ ಮಾತ್ರ ಒಂದು ಅಡ್ಡಿಯಿತ್ತು. ಸ್ಕ್ರೂವಿನ ಮೇಲೆ ಅಂಟಿಸಿದ, ‘ಇದನ್ನು ಹರಿದರೆ ವಾರಂಟಿ ರದ್ದು’ ಎನ್ನುವ ಚೀಟಿ. ಕಾಗದದ ಈ ಚೂರು ಎಷ್ಟು ಜನರ ಕೈಯನ್ನು ಹಿಂದಕ್ಕೆಳೆದಿದೆಯೋ ಲೆಕ್ಕವಿಲ್ಲ. ಹೀಗೆ ಹೇಳುವುದು ಸಾಮಾನ್ಯವಾಗಿ ಕಾನೂನಿಗೆ ವಿರುದ್ಧ ಎಂದು ಅಮೆರಿಕದ ವ್ಯಾಪಾರ ಆಯೋಗ 2018ರಲ್ಲಿ ಆರು ಕಂಪನಿಗಳಿಗೆ ಎಚ್ಚರಿಕೆಯ ಪತ್ರ ಬರೆಯಿತು.

ಒಂದೇ ಅಳತೆಯ ಪದ್ಧತಿಗೆ ಹೊರತಾಗಿ ನಿಂತವರೂ ಇದ್ದರು. ಐಬಿಎಂ 1987ರಲ್ಲಿ ತಂದ ಪಿಎಸ್/2 ಗಣಕಗಳ ಕೆಲವು ಮಾದರಿಗಳಿಗೆ ಪೇಟೆಯ ಡಿಸ್ಕು ಕೂರುತ್ತಿರಲಿಲ್ಲ. ಆಪಲ್ ಕಂಪನಿ ತನ್ನ ಮ್ಯಾಕಿಂಟೋಷ್ ಜೊತೆಗೆ ಕೊಡುತ್ತಿದ್ದ, ಡಿಸ್ಕನ್ನು ಬಳಕೆಗೆ ಸಿದ್ಧಗೊಳಿಸುವ ತಂತ್ರಾಂಶವು ಆಪಲ್ ಮುದ್ರೆಯ ಡಿಸ್ಕುಗಳನ್ನಷ್ಟೇ ಗುರುತಿಸುತ್ತಿತ್ತು. ಒಳಗಿನ ಸರಕು ಪೇಟೆಯ ಡಿಸ್ಕಿನದೇ ಆದರೂ. ಬೇರೆಯವರು ಮಾರುತ್ತಿದ್ದ ತಂತ್ರಾಂಶದಿಂದ ಆ ಕೆಲಸ ಆಗುತ್ತಿತ್ತು, ಹಾಗಾಗಿ ಗದ್ದಲವೇನೂ ಆಗಲಿಲ್ಲ.

ಗದ್ದಲವಾದದ್ದು 2011ರಲ್ಲಿ. ಆ ವರ್ಷದ ಐಮ್ಯಾಕ್ ಎಂಬ ಮೇಜುಗಣಕದಲ್ಲಿ ಆಪಲ್ ಒಂದು ಬದಲಾವಣೆ ಮಾಡಿತು. ಅದಕ್ಕೆ ಮೊದಲು ಡಿಸ್ಕಿನ ಬಿಸಿ ಅಳೆಯಲು ಬೇರೆಯೇ ಒಂದು ತಂತಿಯಿತ್ತು. ಈಗ ಡಿಸ್ಕಿಗೆ ವಿದ್ಯುತ್ ಕೊಡುವ ಜೋಡಣೆಯಲ್ಲಿಯೇ ನಾಲ್ಕಕ್ಕೆ ಬದಲು ಏಳು ಕಡ್ಡಿಗಳಿದ್ದವು. ಹೆಚ್ಚಿನ ಕಡ್ಡಿಗಳ ಮೂಲಕ ಡಿಸ್ಕು ತನ್ನ ಬಿಸಿಯನ್ನು ಗಣಕಕ್ಕೆ ತಿಳಿಸುತ್ತಿತ್ತು. ಹೀಗೆ ತಿಳಿಸಲು ಆಪಲ್‌ಗೆಂದೇ ಬರೆದ ತಂತ್ರಾಂಶ ಡಿಸ್ಕಿನೊಳಗೆ ಇರಬೇಕು. ಅಂಗಡಿಯಿಂದ ತಂದ ಡಿಸ್ಕು ಹಾಕಿದರೆ ಗಣಕ ಓದುತ್ತಿತ್ತು, ಬರೆಯುತ್ತಿತ್ತು. ಆದರೆ ಬಿಸಿಯ ವರ್ತಮಾನ ಬಾರದೆ ಹೋದದ್ದರಿಂದ ಒಳಗಿನ ಫ್ಯಾನು ಪೂರ್ತಿ ವೇಗದಲ್ಲಿ ತಿರುಗಿ, ನಿಲ್ಲದೆ ಭೋರಿಡುತ್ತಿತ್ತು. ಗಣಕದ ಸ್ವಯಂಪರೀಕ್ಷೆಯೂ ನಪಾಸು. ಡಿಸ್ಕು ಬದಲಿಸಬೇಡಿ ಎಂದು ಯಾರೂ ಹೇಳಿರಲಿಲ್ಲ. ಬದಲಿಸಿದರೆ ಆ ಸದ್ದಿನ ಜೊತೆ ಬಾಳಬೇಕು, ಅಷ್ಟೆ.

ಇಲ್ಲಿ ಕಂಪನಿಯ ಪಕ್ಷಕ್ಕೂ ಒಂದು ಮಾತು ಸಲ್ಲಬೇಕು. ಪರದೆಯ ಬೆನ್ನಿಗೇ ಎಲ್ಲವನ್ನೂ ಒತ್ತಿ ತುರುಕಿದ ಯಂತ್ರದಲ್ಲಿ ಬಿಸಿ ನಿಜವಾದ ಸಮಸ್ಯೆ. ವರ್ತಮಾನ ಬಾರದಿದ್ದಾಗ ಅಪಾಯವಿದೆಯೆಂದೇ ಭಾವಿಸಿ ಫ್ಯಾನು ಓಡಿಸುವುದು ವಿವೇಕದ ಕ್ರಮ. ಇಷ್ಟನ್ನು ಒಪ್ಪಬಹುದು. ಒಪ್ಪಲಾಗದ್ದು ಇನ್ನೊಂದಿದೆ. ಯಾವ ಕಂಪನಿಯದೇ ಆದರೂ ಆಗಿನ ಡಿಸ್ಕುಗಳು ತಮ್ಮ ಬಿಸಿಯನ್ನು ತಾವೇ ಅಳೆದುಕೊಂಡು, ‘ಸ್ಮಾರ್ಟ್’ ಎಂಬ ಎಲ್ಲರಿಗೂ ಗೊತ್ತಿರುವ ಪರಿಭಾಷೆಯಲ್ಲಿ, ಕೇಳಿದರೆ ಹೇಳುತ್ತಿದ್ದವು. ಊರೆಲ್ಲ ಆಡುವ ಭಾಷೆ ಬಿಟ್ಟು ತನ್ನ ಮನೆಯ ಸಂಕೇತದಲ್ಲಿ ಹೇಳಿದರಷ್ಟೇ ಕೇಳುತ್ತೇನೆ ಎಂಬ ಹಟಕ್ಕೆ ಎಂಜಿನಿಯರಿಂಗ್ ಪೂರ್ತಿ ಉತ್ತರ ಕೊಡುವುದಿಲ್ಲ. 1936ರ ಕಾರ್ಡುಗಳ ನೆನಪಾಗುವುದು ಇಲ್ಲಿಯೇ. ಬೇಕಾದ ಗುಣಮಟ್ಟವನ್ನು ಹೇಳುವುದು ಬೇರೆ, ತನ್ನದನ್ನೇ ಬೇಕೆನ್ನುವುದು ಬೇರೆ.

ಜನ ಸುಮ್ಮನಿರಲಿಲ್ಲ. ಆ ಕಡ್ಡಿಗಳಲ್ಲಿ ಎರಡನ್ನು ಒಂದಕ್ಕೊಂದು ತಾಗಿಸಿದರೆ ಫ್ಯಾನು ಸುಮ್ಮನಾಗುತ್ತದೆ ಎಂದು ಕೆಲವರು ಕಂಡುಕೊಂಡರು. ಆಗ ಬಿಸಿಯೇರಿದರೆ ಗಣಕಕ್ಕೆ ಗೊತ್ತಾಗುವುದಿಲ್ಲ ಎಂಬ ಅಪಾಯ ಉಂಟು. ಫ್ಯಾನಿನ ವೇಗ ಹಿಡಿತದಲ್ಲಿಡುವ ತಂತ್ರಾಂಶ ಬಂತು. ಡಿಸ್ಕಿನ ಬದಲು ತಾನೇ ಬಿಸಿ ಅಳೆದು ಹೇಳುವ ಪುಟ್ಟ ಉಪಕರಣವನ್ನು ಅಮೆರಿಕದ ಒಂದು ಬಿಡಿಭಾಗದ ಕಂಪನಿ ಮಾರಿತು. ಬೀಗ ಇದ್ದಲ್ಲಿ ಬೀಗ ತೆಗೆಯುವ ವಿದ್ಯೆಯೂ ಇರುತ್ತದೆ. ಆದರೆ ಆ ವಿದ್ಯೆ, ಆ ಉಪಕರಣ ಸಿಗುವ ಊರಿನಲ್ಲಿದ್ದವರಿಗೆ ಮಾತ್ರ ಸುಲಭ.

ಆ ಮೇಲಿನ ಬೀಗಗಳು ಇಷ್ಟು ಸುಲಭದವಲ್ಲ. ತಿರುಗುವ ತಟ್ಟೆಯ ಜಾಗಕ್ಕೆ ಚಿಪ್ಪುಗಳ ಸಂಗ್ರಹ ಬಂತು. 2017ರ ಕೊನೆಗೆ ಬಂದ ಐಮ್ಯಾಕ್ ಪ್ರೊನಲ್ಲಿ ಸಂಗ್ರಹದ ನಿಯಂತ್ರಕ ಟಿ2 ಎಂಬ ಮುಖ್ಯ ಚಿಪ್ಪಿನೊಳಗೇ ಇತ್ತು. ಐಬಿಎಂ 1970ರ ಸುಮಾರಿಗೆ ಹೂಡಿದ ಉಪಾಯ ಉಗುರಿನಗಲಕ್ಕೆ ಇಳಿದು ಮರಳಿ ಬಂದಿತ್ತು. ಬರಹವೆಲ್ಲ ಗೂಢಲಿಪಿಯಲ್ಲಿ, ಅದರ ಕೀಲಿ ಆ ಚಿಪ್ಪಿನಲ್ಲಿ. ಕಳ್ಳ ಸಂಗ್ರಹದ ಭಾಗವನ್ನು ಕಿತ್ತು ಒಯ್ದರೆ ಅವನಿಗೆ ಏನೂ ಸಿಗುವುದಿಲ್ಲ; ಇದು ದೊಡ್ಡ ಅನುಕೂಲವೇ ಹೌದು, ಬ್ಯಾಂಕು ಆಸ್ಪತ್ರೆಗಳಿಗೆ ಬೇಕಾದದ್ದೇ. ಆದರೆ ಮದರ್‌ಬೋರ್ಡು ಕೆಟ್ಟು ಹೋದಾಗ ಮಾಲೀಕನೂ ಆ ಕಳ್ಳನ ಸ್ಥಾನದಲ್ಲಿಯೇ ನಿಲ್ಲುತ್ತಾನೆ. ಇಂಥ ಯಂತ್ರದ ಬೋರ್ಡು ನೆರೆಯ ನೀರಿನಲ್ಲಿ ಪೂರ್ತಿ ಸತ್ತರೆ, ಬೇರೆ ಪ್ರತಿ ಇಟ್ಟುಕೊಳ್ಳದವರ ಬರಹ ಅದರ ಜೊತೆಗೇ ಹೋಯಿತು. ಹಳೆಯ ಅಸೆಂಬಲ್ಡ್ ಪೆಟ್ಟಿಗೆಯ ಡಿಸ್ಕನ್ನಾದರೆ ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಂಗಳೂರಿಗೆ ಕಳಿಸಬಹುದಿತ್ತು.

ನಮ್ಮ ದೇಶದ ಕಾನೂನು ಈ ವಿಷಯವನ್ನು ಮುಟ್ಟಿದ್ದು ಮೊದಲು ಕಾರುಗಳ ಮೂಲಕ. ಬಿಡಿಭಾಗಗಳನ್ನೂ ರಿಪೇರಿಯ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕನ್ನು ಕುರಿತು ಸಮಿತಿ ನೇಮಿಸಿತು. ಆ ಡಿಸೆಂಬರಿನಲ್ಲಿ ಕಂಪನಿಗಳ ರಿಪೇರಿ ಮಾಹಿತಿ ಒಂದೇ ಕಡೆ ಸಿಗುವ ವ್ಯವಸ್ಥೆಯೂ ಬಂತು. ಕೃಷಿ ಉಪಕರಣ, ಮೊಬೈಲು ಮತ್ತು ವಿದ್ಯುನ್ಮಾನ ಸಾಮಗ್ರಿ, ಮನೆಬಳಕೆಯ ಯಂತ್ರ, ವಾಹನ ಇವು ಅದರ ವ್ಯಾಪ್ತಿ. ಕಂಪನಿಗಳನ್ನು ಕಟ್ಟಿಹಾಕುವ ಪ್ರತ್ಯೇಕ ಕಾಯಿದೆ ಆಗಿಲ್ಲ.

ಕಾಯಿದೆಗಿಂತ ಬೇಗ ಕೆಲಸ ಮಾಡಿದ್ದು ಗಿರಾಕಿಗಳ ಕೋಪ. ಹಲವು ಡಿಸ್ಕುಗಳನ್ನು ಕೂಡಿಸಿ ಮನೆ, ಕಚೇರಿಗಳ ಬರಹವೆಲ್ಲ ಒಂದೆಡೆ ಇಡುವ ಪೆಟ್ಟಿಗೆಗಳನ್ನು ಮಾಡುವ ತೈವಾನಿನ ಸಿನಾಲಜಿ, 2025ರ ಏಪ್ರಿಲ್‌ನಲ್ಲಿ ತನ್ನ ಕೆಲವು ಹೊಸ ಮಾದರಿಗಳಿಗೆ ತನ್ನ ಮುದ್ರೆಯ ಅಥವಾ ತಾನು ಒಪ್ಪಿದ ಡಿಸ್ಕುಗಳೇ ಆಗಬೇಕೆಂದು ಸಾರಿತು. ಕೊಟ್ಟ ಕಾರಣ ಹಳೆಯದೇ: ಪರರ ಡಿಸ್ಕು ಕೆಟ್ಟರೆ ದೂರು ಬರುವುದು ನಮಗೆ. ಅದೇ ಅಕ್ಟೋಬರಿನಲ್ಲಿ ತಂತ್ರಾಂಶದ ಹೊಸ ಆವೃತ್ತಿಯೊಂದನ್ನು ಬಿಟ್ಟು, ಪೇಟೆಯ ಡಿಸ್ಕುಗಳಿಗೆ ಮತ್ತೆ ಬಾಗಿಲು ತೆರೆಯಿತು. ಕಾರ್ಡುಗಳ ಮೊಕದ್ದಮೆಗೆ ವರ್ಷಗಳೇ ಹಿಡಿದಿದ್ದವು. ಇದು ಆರು ತಿಂಗಳಲ್ಲಿ ಮುಗಿಯಿತು.